ಪೆಟ್ಟಿಗೆಯಲ್ಲಿ ಯಾರೂ ಇರಲಿಲ್ಲ

ಜೂನ್ ೧೧

‘ಕೈಯಾರೆ ಮಾಯೆ’ ಅಂಕಣ ಬರೆಯುವವರಿಗೆ,

ನಮಸ್ಕಾರ. ನಾನು ಹೆಣ್ಣುಮಕ್ಕಳ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಗಾಜಿನ ಸಾಮಾನು ತೊಳೆಯುವುದು, ಒಡೆದದ್ದನ್ನು ಪಟ್ಟಿ ಮಾಡುವುದು, ಶನಿವಾರ ಮಧ್ಯಾಹ್ನ ಹುಡುಗಿಯರು ಏನಾದರೂ ಮಾಡಿ ನೋಡಲು ಬಂದಾಗ ಅವರು ಕೈ ಸುಟ್ಟುಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಮಾಸಪತ್ರಿಕೆ ನಮ್ಮ ವಾಚನಾಲಯಕ್ಕೆ ಬರುತ್ತದೆ. ಕಳೆದ ಸಂಚಿಕೆಯ ಮಾಯಾಪೆಟ್ಟಿಗೆಯನ್ನು ಒಂಬತ್ತು ಹುಡುಗಿಯರು ಸೇರಿ ಮಾಡಿದರು. ಒಂದು ಚಪ್ಪಲಿ ಡಬ್ಬಿ, ಎರಡು ಸಣ್ಣ ಕನ್ನಡಿ, ಒಳಗೆ ಸುತ್ತಲೂ ಒಂದೇ ಬಗೆಯ ಹೂವಿನ ಕಾಗದ. ಅರ್ಧ ತೆರೆದ ಪುಸ್ತಕವನ್ನು ಬೆನ್ನು ಈಚೆಗೆ ಬರುವಂತೆ ನಿಲ್ಲಿಸಿದ ಹಾಗೆ ಕನ್ನಡಿಗಳನ್ನು ನಿಲ್ಲಿಸಿದೆವು. ನೀವು ಹೇಳಿದಂತೆ ಪಕ್ಕದ ಗೋಡೆಗಳೇ ಕನ್ನಡಿಯಲ್ಲಿ ಕಂಡು, ಹಿಂದಿನ ಗೋಡೆ ಅನ್ನಿಸಿ, ಡಬ್ಬಿ ಖಾಲಿ ಅನ್ನಿಸಿತು. ಕನ್ನಡಿಗಳ ಹಿಂದೆ ಬಚ್ಚಿಟ್ಟ ಗೊಂಬೆ ಯಾರಿಗೂ ಕಾಣಲಿಲ್ಲ.

ಆದರೆ ಎರಡು ಕನ್ನಡಿ ಕೂಡುವ ಅಂಚು ಕೂದಲೆಳೆಯಷ್ಟು ಗೆರೆಯಾಗಿ ಕಾಣುತ್ತದೆ. ನಮ್ಮ ಮುಖ್ಯೋಪಾಧ್ಯಾಯಿನಿ ನೋಡಿದವರೇ “ನಡುವೆ ಏನೋ ಗೆರೆ ಇದೆಯಲ್ಲ” ಅಂದುಬಿಟ್ಟರು. ಹುಡುಗಿಯರ ಮುಖ ಸಣ್ಣದಾಯಿತು. ಆ ಅಂಚಿನ ಮುಂದೆ ಬಣ್ಣ ಬಳಿದ ಒಂದು ಕಡ್ಡಿಯನ್ನು, ಡಬ್ಬಿಯ ಮುಚ್ಚಳಕ್ಕೆ ಆಧಾರ ಕೊಟ್ಟ ಕಂಬದ ಹಾಗೆ, ನಿಲ್ಲಿಸಿದರೆ ಗೆರೆ ಮುಚ್ಚಿಹೋಗುತ್ತದೆ. ಕಂಬದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ನೀವು ಬರೆದಿಲ್ಲ, ಮರೆತಿರಬಹುದು. ಕನ್ನಡಿಯ ಅಂಚಿಗೆ ಪಟ್ಟಿ ಅಂಟಿಸಿಕೊಳ್ಳಿ ಎಂದೂ ಸೇರಿಸಿದರೆ ಒಳ್ಳೆಯದು. ಒಬ್ಬಳು ಹೆಬ್ಬೆರಳು ಕುಯ್ದುಕೊಂಡಳು. ಸಣ್ಣ ಗಾಯ, ವಾಸಿಯಾಗಿದೆ.

ಇಂತಿ,
ಪ್ರಯೋಗಾಲಯದ ಸಹಾಯಕಿ


ಜೂನ್ ೨೦

‘ಮಾನ್ಯರೇ’ ಎಂದು ಶುರು ಮಾಡಿ ಎರಡು ಹಾಳೆ ಹರಿದೆ. ಇದು ಮೂರನೆಯದು.

ಕತ್ತರಿ, ನೀನೇ ತಾನೆ?

ಅಕ್ಷರ ನೋಡಿ ಅನುಮಾನ ಬಂತು. ನಿನ್ನ ‘ಳ’ದ ಬಾಲ ಇವತ್ತಿಗೂ ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ. ಕಡ್ಡಿಯ ಮಾತಿಗೆ ಬಂದಾಗ ಅನುಮಾನ ಉಳಿಯಲಿಲ್ಲ. ನಾನು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ಆ ಉಪಾಯ ನಿನ್ನದು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಳೆತ್ತರದ ಪೆಟ್ಟಿಗೆ ಕಟ್ಟಿ, ನಡುವಿನ ಗೆರೆ ಮುಚ್ಚುವುದು ಹೇಗೆಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ, ನೀನು ಪೊರಕೆಯ ಕೋಲು ಕಿತ್ತು ತಂದು ನಿಲ್ಲಿಸಿದ್ದೆ. ನಿನ್ನದನ್ನು ನಾನು ಅಚ್ಚು ಹಾಕಿಸುವುದು ಹೇಗೆ?

ನಾನು ಈಗಲೂ ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ. ಅಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನಿಲ್ಲ, ಹೊತ್ತು ಹೋಗಿಬಿಟ್ಟಿತು ಅಷ್ಟೆ. ನಾಲ್ಕು ವರ್ಷದಿಂದ ಈ ಅಂಕಣ ಬರೆಯುತ್ತಿದ್ದೇನೆ. ಕೆಳಗೆ ‘ಗೋಂದು’ ಎಂದೇ ಸಹಿ ಹಾಕುತ್ತೇನೆ. ಆ ಹೆಸರು ಇಟ್ಟವಳು ನೀನು. ಬೆರಳು ಇನ್ನೂ ಹಾಗೇ ಅಂಟಂಟು.

ಆ ದಿನದ ಮಾತು ಎತ್ತದೆ ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ನಮ್ಮ ಜಾದೂ ಆಟಕ್ಕೆ ಇನ್ನೂರು ಜನ ಕೂತಿದ್ದರು. ಖಾಲಿ ಪೆಟ್ಟಿಗೆ ತೋರಿಸಿ, ಬಾಗಿಲು ಮುಚ್ಚಿ, ಮೂರು ಸಲ ಚಪ್ಪಾಳೆ ತಟ್ಟಿ ತೆಗೆದೆ. ಯಾರೂ ಇರಲಿಲ್ಲ. ಮತ್ತೆ ಮುಚ್ಚಿ ಮತ್ತೆ ತೆಗೆದೆ. ಇರಲಿಲ್ಲ. ಮೊದಲು ಒಬ್ಬರು ನಕ್ಕರು, ಆಮೇಲೆ ಸಾಲುಸಾಲಾಗಿ ಎಲ್ಲರೂ. ತೆರೆ ಎಳೆಸಿ, ಪೆಟ್ಟಿಗೆಯ ಹಿಂದಿನ ಕಿಂಡಿ ತೆಗೆದು ಕನ್ನಡಿಗಳ ಹಿಂದೆಯೂ ನೋಡಿದೆ. ನಿಮ್ಮ ಮನೆಗೆ ಓಡಿದೆ. ನಿಮ್ಮಮ್ಮ ಬಾಗಿಲಲ್ಲೇ ನಿಂತು, “ಅವಳು ಚಿಕ್ಕಮ್ಮನ ಮನೆಗೆ ಹೋದಳಮ್ಮ, ಯಾವಾಗ ಬರ್ತಾಳೋ ಗೊತ್ತಿಲ್ಲ” ಅಂದರು. ಐದು ಕಾಗದ ಬರೆದೆ. ಮೂವತ್ತೊಂದು ವರ್ಷವಾಯಿತು.

ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ ಎಂದುಕೊಂಡು ಕೂತವಳು. ಕೇಳುತ್ತಿದ್ದೇನೆ.

ಗೋಂದು


ಜುಲೈ ೧೯

ಗೋಂದು,

ಹೌದು, ನಾನೇ.

ನಿನ್ನ ತಂದೆಯ ಸುದ್ದಿ ಓದಿ ಬೇಸರವಾಯಿತು. ನಾವು ಹಾಳು ಮಾಡಿದ ರಟ್ಟನ್ನೆಲ್ಲ ಅವರು ಸದ್ದಿಲ್ಲದೆ ಪುಸ್ತಕದ ಒಳಪದರಕ್ಕೆ ಹಾಕಿಬಿಡುತ್ತಿದ್ದರು. ಒಂದು ದಿನವೂ ಗದರಲಿಲ್ಲ.

ನನ್ನದು ಹೇಳುವಂಥದ್ದೇನಿಲ್ಲ. ಚಿಕ್ಕಮ್ಮನ ಊರಲ್ಲೇ ಮದುವೆಯಾಯಿತು. ನನ್ನವರು ಜಮೀನು ಅಳೆಯುವ ಕೆಲಸದಲ್ಲಿದ್ದರು. ಒಳ್ಳೆಯವರು, ಮಾತು ಕಡಿಮೆ. ತೀರಿಕೊಂಡು ಆರು ವರ್ಷ. ಮಗಳು ದಾದಿ, ಬೇರೆ ಊರಲ್ಲಿದ್ದಾಳೆ. ಭಾನುವಾರ ಫೋನು ಮಾಡಿ ನನ್ನ ರಕ್ತದೊತ್ತಡ ಕೇಳುತ್ತಾಳೆ. ನಾನು ಜಾದೂ ಮಾಡುತ್ತಿದ್ದೆ ಎಂದು ಅವರಿಬ್ಬರಿಗೂ ಹೇಳಿದ್ದಿಲ್ಲ.

ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯಲಾರೆ. ಒತ್ತಾಯ ಮಾಡಬೇಡ. ಇಲ್ಲಿಗೆ ಬರುತ್ತೇನೆ ಎಂದೂ ಬರೆಯಬೇಡ.

ಬೇರೊಂದು ವಿಷಯ. ಹುಡುಗಿಯರು ಇಸ್ಪೀಟು ಕಟ್ಟಿನಿಂದ ಒಂದು ಎಲೆ ತಾನಾಗಿ ಮೇಲೇಳುವಂತೆ ಮಾಡುತ್ತಿದ್ದಾರೆ. ಹೊಲಿಗೆಯ ದಾರ ದೂರದಿಂದಲೇ ಕಾಣುತ್ತದೆ, ಮೀನಿನ ಗಾಳದ ದಾರ ಬೆಳಕಿಗೆ ಹೊಳೆಯುತ್ತದೆ. ನಾವು ಯಾವುದನ್ನು ಬಳಸುತ್ತಿದ್ದೆವು? ನೆನಪಿಗೆ ಬರುತ್ತಿಲ್ಲ.

ಕತ್ತರಿ


ಜುಲೈ ೨೮

ಕತ್ತರಿ,

ರೇಷ್ಮೆ. ಪುಸ್ತಕದ ಬೆನ್ನಿಗೆ ಹೊಲಿಯುವ ರೇಷ್ಮೆ ದಾರವನ್ನು ಬಿಚ್ಚಿದರೆ ಹದಿನಾರು ಎಳೆ ಬರುತ್ತದೆ. ಅದರಲ್ಲಿ ಒಂದನ್ನು ತೆಗೆದು ಕಪ್ಪು ಮೇಣದ ಮೇಲೆ ಎರಡು ಸಲ ಎಳೆಯಬೇಕು. ದಾರದ ಒಂದು ಉಂಡೆ ಇದರ ಜೊತೆ ಕಳಿಸಿದ್ದೇನೆ. ಎಳೆ ಬಿಚ್ಚುವುದು ನಿನಗೆ ಮಾತ್ರ ಆಗುತ್ತಿತ್ತು. ನಾನು ಬಿಚ್ಚಿದರೆ ಗಂಟು. ಅದೂ ನೆನಪಿಗೆ ಬರುತ್ತಿಲ್ಲವೋ ಏನೋ.

ಒತ್ತಾಯ ಮಾಡಬೇಡ ಅಂದೆ. ಆಯಿತು. ಆದರೆ ನನ್ನ ಪಾಲಿನದ್ದನ್ನು ಹೇಳುತ್ತೇನೆ, ಕೇಳಿಸಿಕೊಳ್ಳುವುದು ನಿನ್ನ ಧರ್ಮ. ಅವತ್ತು ಮೊದಲ ಸಾಲಿನಲ್ಲಿ ಊರೂರು ಸುತ್ತುವ ಜಾದೂ ಕಂಪನಿಯ ಯಜಮಾನ ಕೂತಿದ್ದ. ನಮ್ಮ ಪೆಟ್ಟಿಗೆ ನೋಡಲೆಂದೇ ಬಂದವನು. ಜನ ನಗುತ್ತಿದ್ದಾಗ ಎದ್ದು, ಕೋಟಿನ ಧೂಳು ಕೊಡವಿಕೊಂಡು ಹೊರಟುಹೋದ. ಆಮೇಲೆ ನಾನು ವೇದಿಕೆ ಹತ್ತಲಿಲ್ಲ. ಪಾಪ, ಜನ ಕೆಟ್ಟವರೇನಲ್ಲ, ಆದರೂ ವರ್ಷಗಟ್ಟಲೆ ರಟ್ಟು ಕಟ್ಟಿಸಲು ಬಂದವರು “ಪೆಟ್ಟಿಗೆ ಹೇಗಿದೆ?” ಎಂದು ನಗುತ್ತಿದ್ದರು. ಪೆಟ್ಟಿಗೆಯ ಪ್ಲೈವುಡ್ ಬಿಚ್ಚಿ ಅಂಗಡಿಗೆ ಅಟ್ಟಣಿಗೆ ಮಾಡಿಸಿದೆ. ಕನ್ನಡಿಗಳನ್ನು ಕ್ಷೌರದಂಗಡಿಯವರು ಕೊಂಡರು.

ನಿನ್ನ ಮೇಲೆ ನನಗೆ ಸಿಟ್ಟಿತ್ತು ಎಂದು ಬರೆಯುವುದು ಸುಲಭ. ಸಿಟ್ಟು ಎರಡು ವರ್ಷದಲ್ಲಿ ಸವೆಯಿತು. ಅದರ ಕೆಳಗಿದ್ದದ್ದು ಸವೆಯಲಿಲ್ಲ. ಏನಾದರೂ ಹೊಸದು ಹೊಳೆದ ಕೂಡಲೇ ತಲೆ ಎತ್ತಿ ಎದುರಿನ ಮೇಜು ನೋಡುವ ಚಟ ಇವತ್ತಿಗೂ ಬಿಟ್ಟಿಲ್ಲ. ಅಲ್ಲಿ ಈಗ ಕಾಗದ ಕತ್ತರಿಸುವ ಯಂತ್ರವಿದೆ. ಅದಕ್ಕೆ ಏನು ಹೇಳಲಿ?

ನೀನು ಬಂದಿದ್ದರೆ ಎಲ್ಲ ಬೇರೆಯೇ ಆಗುತ್ತಿತ್ತು ಕತ್ತರಿ. ಅಷ್ಟೇ.

ಗೋಂದು


ಸೆಪ್ಟೆಂಬರ್ ೩೦

ಗೋಂದು,

ನಾನು ಬಂದಿದ್ದೆ.

ಎರಡು ತಿಂಗಳಿಂದ ಈ ಒಂದು ಸಾಲು ಬರೆದು ಬರೆದು ನಿಲ್ಲಿಸಿದ್ದೇನೆ. ಇವತ್ತು ಕೊನೆಯವರೆಗೂ ಬರೆದೇ ಏಳುವುದೆಂದು ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡು ಕೂತಿದ್ದೇನೆ.

ಆಟಕ್ಕೆ ಅರ್ಧ ಗಂಟೆ ಮೊದಲೇ ಬಂದೆ. ನೀನು ಹೊರಗೆ ಟಿಕೆಟ್ಟಿನ ಮೇಜಿನ ಹತ್ತಿರ ಇದ್ದೆ. ಎಡಗಡೆಯ ಕನ್ನಡಿಯ ತಿರುಗಣೆ ಹಿಂದಿನ ದಿನ ಕಿರುಗುಟ್ಟುತ್ತಿತ್ತಲ್ಲ, ಅದಕ್ಕೆ ಎಣ್ಣೆ ಬಿಡೋಣವೆಂದು ಹಿಂದಿನ ಕಿಂಡಿಯಿಂದ ಪೆಟ್ಟಿಗೆಯೊಳಗೆ ಹೋದೆ. ಎಣ್ಣೆ ಬಿಟ್ಟು, ಹೇಗೂ ಬಂದಾಯಿತಲ್ಲ ಎಂದು ಕಿಂಡಿ ಎಳೆದುಕೊಂಡು ಅಲ್ಲೇ ಕೂತೆ. ಕನ್ನಡಿಗಳ ಹಿಂದಿನ ಆ ಮೂಲೆಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಷ್ಟೇ ಜಾಗ. ಆದರೂ ನನಗೆ ಅಲ್ಲಿ ಕೂರುವುದೆಂದರೆ ಇಷ್ಟ. ಹೊರಗೆ ನೀನು ಮಾತಾಡುವುದು ಕೇಳಿಸಿಕೊಳ್ಳುತ್ತ, ನೀನು ಕರೆಯುವುದನ್ನೇ ಕಾಯುವುದು.

ಆಗ ನೀನೂ ಆ ಯಜಮಾನನೂ ಬಂದು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿರಿ. ಅವನು, “ನಮ್ಮ ಗಾಡೀಲಿ ಒಬ್ಬರಿಗೆ ಮಾತ್ರ ಜಾಗ ಇದೆ. ನಿಮ್ಮ ಜೊತೆಯವರನ್ನ ಏನು ಮಾಡ್ತೀರಿ?” ಅಂದ.

ನೀನು ಅಂದದ್ದು ಇದು: “ಅವಳದೇನು ಬಿಡಿ. ಪೆಟ್ಟಿಗೆಯೊಳಗೆ ಕೂರೋದಕ್ಕೆ ಯಾರಾದ್ರೂ ಆಗುತ್ತೆ.”

ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ.

ಎದ್ದು ಹೊರಗೆ ಬಂದಿದ್ದರೆ ಜಗಳವಾಗಿ ಮುಗಿಯುತ್ತಿತ್ತೋ ಏನೋ. ಕೂತೇ ಇದ್ದೆ. ಅಷ್ಟರಲ್ಲಿ ಪೆಟ್ಟಿಗೆಯನ್ನು ವೇದಿಕೆಗೆ ತಳ್ಳಿದರು. ನೀನು ಬಾಗಿಲು ತೆಗೆದು ಜನರಿಗೆ ಖಾಲಿ ಪೆಟ್ಟಿಗೆ ತೋರಿಸಿದೆ. ಮುಚ್ಚಿದೆ. ಮೂರು ಚಪ್ಪಾಳೆ ಕೇಳಿಸಿತು. ಎರಡೂ ಕನ್ನಡಿಗಳನ್ನು ಪಕ್ಕದ ಗೋಡೆಗೆ ಮಡಚಿ ನಾನು ಎದ್ದು ನಿಲ್ಲಬೇಕಿತ್ತು. ಕೈ ಕನ್ನಡಿಯ ಮೇಲೇ ಇತ್ತು. ಮಡಚಲಿಲ್ಲ. ಬಾಗಿಲು ತೆಗೆದೆ ನೀನು. ನನಗೆ ಕಾಣುತ್ತಿದ್ದದ್ದು ಕನ್ನಡಿಯ ಬೆನ್ನಿನ ಕೆಂಪು ಬಣ್ಣ. ಆದರೆ ನಿನ್ನ ಉಸಿರು ಕೇಳಿಸಿತು. ಎರಡನೆಯ ಸಲ ತೆಗೆದಾಗ ತುಟಿ ಅಲುಗಿಸದೆ “ಕತ್ತರಿ, ಬಾರೇ” ಅಂದೆ. ಅದೂ ಕೇಳಿಸಿತು.

ಬರಲಿಲ್ಲ. ಯಾರಾದರೂ ಆಗುತ್ತಾರಲ್ಲ, ಬರಲಿ ಅಂದುಕೊಂಡೆ.

ಜನ ನಕ್ಕಾಗ ನನಗೇನೂ ಸುಖವಾಗಲಿಲ್ಲ, ಬೇಕಾದರೆ ನಂಬು. ತೆರೆ ಎಳೆದ ಗದ್ದಲದಲ್ಲಿ ಹಿಂದಿನ ಕಿಂಡಿಯಿಂದ ಜಾರಿ, ಪಕ್ಕದ ಬಾಗಿಲಿಂದ ರಸ್ತೆಗೆ ಬಂದು, ಮನೆಗೆ ಹೋಗಿ ಅಮ್ಮನಿಗೆ ಹೇಳಿ, ಚಿಕ್ಕಮ್ಮನ ಊರಿನ ಬಸ್ಸು ಹತ್ತಿದೆ. ನಿನ್ನ ಐದೂ ಕಾಗದ ತಲುಪಿದವು. ಯಾವುದರಲ್ಲಿಯೂ ನೀನು ಆ ಮಾತು ಬರೆದಿರಲಿಲ್ಲ. ಬರೆಯುತ್ತೀಯೇನೋ ಎಂದು ಆರನೆಯದಕ್ಕೆ ಕಾದೆ.

ಕತ್ತರಿ


ನವೆಂಬರ್ ೩

ಕಾಗದ ತಲುಪಿತು. ಬರೆಯುತ್ತೇನೆ. ಸ್ವಲ್ಪ ಕಾಯಿ.

ಗೋಂದು


ನವೆಂಬರ್ ೧೭

ಕತ್ತರಿ,

ನಾನು ಹಾಗೆ ಅಂದದ್ದು ನಿಜ.

ಆರು ವಾರದಿಂದ ನನಗೆ ನಾನೇ ವಕೀಲಳಾಗಿ ಹತ್ತು ಬಗೆಯಲ್ಲಿ ವಾದ ಮಾಡಿ ನೋಡಿದೆ. ಪೆಟ್ಟಿಗೆ ಖಾಲಿ ಎಂದು ತಿಳಿದಿದ್ದೆ. ಆ ಯಜಮಾನ ತಿರುಗಿ ಹೋದಾನು ಎಂದು ಹೆದರಿದ್ದೆ. ಮೊದಲು ನಾನು ಹೋಗಿ ನೆಲೆ ಮಾಡಿಕೊಂಡು ಆಮೇಲೆ ನಿನ್ನನ್ನು ಕರೆಸಿಕೊಳ್ಳೋಣ ಎಂದಿತ್ತು. ಕೊನೆಯದು ಸುಳ್ಳು. ಹಾಗೆ ನಾನು ಯೋಚಿಸಿದ್ದೇ ಇಲ್ಲ. ಹೋಗಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ರಟ್ಟು, ಅಂಟು, ಅಪ್ಪನ ಕೆಮ್ಮು, ಇದರಿಂದ ಹೊರಗೆ ಹೋಗುವ ಗಾಡಿಯಲ್ಲಿ ಒಂದು ಜಾಗವಿತ್ತು. ಆ ಒಂದು ಜಾಗಕ್ಕಾಗಿ ನಿನ್ನನ್ನು ಅಷ್ಟು ಸಲೀಸಾಗಿ ಕೆಳಗಿಳಿಸಿದೆ. ನೀನು ಒಳಗಿಲ್ಲದೆ ಹೋಗಿದ್ದರೂ ಆ ಮಾತು ಅದೇ ಮಾತು.

ಆಮೇಲೆ ಅದು ಮರೆತೇಹೋಯಿತು. ನಂಬುವುದು ಕಷ್ಟ, ಆದರೆ ನಿಜವಾಗಿ ಮರೆತಿತ್ತು. ನೀನು ನನ್ನನ್ನು ಬಿಟ್ಟುಹೋದೆ ಎಂದು ಮೂವತ್ತೊಂದು ವರ್ಷ ಕೊರಗಿದೆ. ನಿನ್ನ ಕಾಗದ ಓದಿದ ಗಳಿಗೆಯಲ್ಲಿ ನನ್ನ ದನಿಯೇ ನನಗೆ ಕೇಳಿಸಿತು. ನಗುತ್ತಾ ಹೇಳಿದ್ದೆ. ನೀನು ಅದನ್ನು ಬರೆಯಲಿಲ್ಲ. ಬೇಕೆಂದೇ ಬಿಟ್ಟಿರಬೇಕು.

ಪೆಟ್ಟಿಗೆಯೊಳಗೆ ಕೂರಲು ಯಾರಾದರೂ ಆಗುತ್ತಿದ್ದರೆ ನಾನು ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತಿದ್ದೆ. ಹುಡುಕಲಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಡೆದದ್ದು.

ಇನ್ನೊಂದು ಒಪ್ಪಿಸಬೇಕು. ಕಡ್ಡಿಯ ಉಪಾಯ ನಿನ್ನದೆಂದು ಅಚ್ಚು ಹಾಕಿಸಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಅರ್ಧ ಸತ್ಯ. ಪ್ರತಿ ತಿಂಗಳೂ ಅಂಕಣದಲ್ಲಿ ನಿನಗೆ ಮಾತ್ರ ಗೊತ್ತಿರುವುದನ್ನು ಒಂದಾದರೂ ಬಿಟ್ಟು ಬರೆಯುತ್ತೇನೆ. ನಾಲ್ಕು ವರ್ಷದಿಂದ. ಎಲ್ಲೋ ಇರುವ ನೀನು ಓದಿ, ತಡೆಯಲಾರದೆ ತಿದ್ದಲು ಬರೆದೀಯೆಂದು. ಸಂಪಾದಕರು “ನಿಮ್ಮ ಅಂಕಣದಲ್ಲಿ ಏನಾದ್ರೂ ಒಂದು ಬಿಟ್ಟುಹೋಗಿರುತ್ತಲ್ಲ ಅಮ್ಮಾ” ಎಂದು ಗೊಣಗುತ್ತಾರೆ. ಪಾಪ, ಆ ಹುಡುಗಿಯರ ಪೆಟ್ಟಿಗೆ ಕೆಟ್ಟದ್ದು ನನ್ನ ಆಸೆಯಿಂದ. ಅವರಿಗೆ ನನ್ನ ಪರವಾಗಿ ಹೇಳು.

ಕ್ಷಮಿಸು ಅನ್ನುವುದು ಈ ಹಾಳೆಯ ಮೇಲೆ ತೀರ ಸಣ್ಣದಾಗಿ ಕಾಣುತ್ತದೆ. ಆದರೂ ಬರೆದಿದ್ದೇನೆ. ಇದು ಆರನೆಯ ಕಾಗದ ಎಂದು ಇಟ್ಟುಕೋ. ಉತ್ತರ ಬಾರದಿದ್ದರೂ ನಾನು ಮತ್ತೆ ನಿನ್ನನ್ನು ಕಾಡುವುದಿಲ್ಲ.

ಗೋಂದು


ಡಿಸೆಂಬರ್ ೨೧

ಗೋಂದು,

ಹುಡುಗಿಯರು ಬಾಟಲಿಗಳ ಕಾರಂಜಿ ಮಾಡಿದ್ದಾರೆ. ಮೇಲೊಂದು ತಟ್ಟೆ, ಕೆಳಗೆ ಎರಡು ಬಾಟಲಿ, ನಡುವೆ ಕೊಳವೆಗಳು. ತಟ್ಟೆಗೆ ನೀರು ಹೊಯ್ದರೆ ಗಾಳಿಯ ಒತ್ತಡಕ್ಕೆ ತಾನಾಗಿ ಚಿಮ್ಮಬೇಕು. ಚಿಮ್ಮುತ್ತಿಲ್ಲ. ಮುಚ್ಚಳದಲ್ಲಿ ಕೊಳವೆ ಹೋಗುವ ಕಡೆ ಗಾಳಿ ಸೋರುತ್ತದೆ. ಅಂಟು ಹಾಕಿದೆವು, ಮೇಣದಬತ್ತಿ ಕರಗಿಸಿ ಹೊಯ್ದೆವು, ಅಗಿದು ಬಿಟ್ಟ ಚೂಯಿಂಗ್ ಗಮ್ಮೂ ಆಯಿತು. ಜನವರಿಯ ಕೊನೆಗೆ ಶಾಲೆಯಲ್ಲಿ ಪ್ರದರ್ಶನ.

ನಿನ್ನ ಕಾಗದವನ್ನು ಒಂದು ತಿಂಗಳಲ್ಲಿ ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಅದರ ಬಗ್ಗೆ ಏನು ಬರೆಯಬೇಕೆಂದು ಇನ್ನೂ ತಿಳಿಯುತ್ತಿಲ್ಲ. ಹೌದು, ನಗುತ್ತಿದ್ದೆ ನೀನು.

ಜನವರಿ ಹನ್ನೊಂದು, ಶನಿವಾರ. ಹತ್ತೂವರೆಯ ಬಸ್ಸು ಶಾಲೆಯ ಗೇಟಿನ ಎದುರೇ ನಿಲ್ಲುತ್ತದೆ. ಕಾವಲುಗಾರನಿಗೆ ಹೇಳಿರುತ್ತೇನೆ. ಬರುವುದಾದರೆ ಮೇಣ ಹಚ್ಚಿದ ದಪ್ಪ ದಾರ ತಾ.

ಕತ್ತರಿ


ಜನವರಿ ೧೩

ಗೋಂದು,

ಪ್ರಯೋಗಾಲಯದಲ್ಲಿ ಬರೆಯುತ್ತಿದ್ದೇನೆ. ಕಾರಂಜಿ ಪಕ್ಕದಲ್ಲೇ ಇದೆ. ಇವತ್ತೂ ಚಿಮ್ಮಿತು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚೇ. ಬೆಳಿಗ್ಗೆಯಿಂದ ನಾಲ್ಕು ತರಗತಿಯವರು ಬಂದು ನೋಡಿಹೋದರು. ನೀನು ಕೊಳವೆಗೆ ಸುತ್ತಿದ ದಾರವನ್ನು ಹೆಬ್ಬೆರಳು ಕುಯ್ದುಕೊಂಡಿದ್ದ ಅದೇ ಹುಡುಗಿ ತೋರಿಸಿ, “ಇದನ್ನ ಪುಸ್ತಕ ಕಟ್ಟೋ ಆಂಟಿ ಸುತ್ತಿದ್ದು, ಮುಟ್ಟಬೇಡಿ” ಎಂದು ಎಲ್ಲರಿಗೂ ಹೇಳುತ್ತಿದ್ದಾಳೆ.

ನೀನು ಬಸ್ಸಿಂದ ಇಳಿದಾಗ ನನಗೆ ಗುರುತು ಸಿಗಲಿಲ್ಲ. ಬೇರೆ ಯಾರೋ ಹೆಂಗಸು, ಮಂಡಿ ನೋವಿನವರು, ನಿಧಾನಕ್ಕೆ ಇಳಿಯುತ್ತಿದ್ದಾರೆ ಎಂದುಕೊಂಡು ಅವರ ಹಿಂದೆ ನಿನ್ನನ್ನು ಹುಡುಕುತ್ತಿದ್ದೆ. ನೀನೂ ನನ್ನನ್ನು ದಾಟಿ ಕಾವಲುಗಾರನ ಹತ್ತಿರ ಹೋದೆ. ಅವನೇ “ಇವರೇ ಅಲ್ವಾ?” ಎಂದು ಇಬ್ಬರನ್ನೂ ತಿರುಗಿಸಿ ನಿಲ್ಲಿಸಬೇಕಾಯಿತು. ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ. ನೀನು “ಬಸ್ಸಲ್ಲಿ ಕೂರೋದಕ್ಕೆ ಜಾಗ ಸಿಕ್ತು” ಅಂದೆ. ನಾನು “ಒಳ್ಳೇದಾಯ್ತು” ಅಂದೆ. ಮೂವತ್ತೊಂದು ವರ್ಷದ ಮೇಲೆ ಇಬ್ಬರು ಹೆಂಗಸರು ಆಡಿದ ಮೊದಲ ಮಾತು ಇದು.

ಐದು ಗಂಟೆ ಕೆಲಸ ಮಾಡಿದೆವು. ನೀನು ದಾರ ಸುತ್ತಿದೆ, ನಾನು ತುದಿ ಹಿಡಿದೆ. ಎರಡು ಸಲ ಸೋರಿತು, ಮೂರನೆಯ ಸಲ ನಿಂತಿತು. ನೀನು ಕೇಳದೆಯೇ ಕೈ ಚಾಚುತ್ತಿದ್ದೆ, ನಾನೂ ನೋಡದೆಯೇ ಬೇಕಾದ್ದನ್ನು ಕೈಗಿಡುತ್ತಿದ್ದೆ. ನಡುವೆ ಒಂದು ಸಲ ಅದು ನನ್ನ ಅರಿವಿಗೆ ಬಂದು ದಾರದ ತುದಿ ಕೈಬಿಟ್ಟೆ. ನೀನು ಎತ್ತಿ ಮತ್ತೆ ನನ್ನ ಕೈಗೆ ಕೊಟ್ಟೆ. ಊಟದ ಹೊತ್ತಿಗೆ ಕನ್ನಡಕದ ನಂಬರಿನ ಮಾತಾಯಿತು, ನನ್ನ ಮಗಳ ಮಾತಾಯಿತು, ಈಗಿನ ರಟ್ಟು ಎಷ್ಟು ಪೊಳ್ಳು ಎಂಬುದಾಯಿತು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಹುಡುಗಿಯರು ಇದ್ದರಲ್ಲ ಅನ್ನೋಣ. ಅವರು ಹೋದ ಮೇಲೂ ಎತ್ತಲಿಲ್ಲ. ಲೋಟ ತೊಳೆದೆವು.

ಕ್ಷಮಿಸಿದ್ದೇನೆಯೇ ಎಂದು ನೀನು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಕೆಲವು ದಿನ ಆ ಮಾತು ಈಗ ಆಡಿದಷ್ಟು ಹಸಿಯಾಗಿರುತ್ತದೆ. ಆದರೆ ಶನಿವಾರ ಸಂಜೆ ಮೇಜಿನ ಮೇಲೆ ಉಳಿದ ದಾರದ ತುಂಡುಗಳನ್ನು ಗುಡಿಸಿ ಹಾಕಲು ಮನಸ್ಸಾಗಲಿಲ್ಲ. ಇವತ್ತೂ ಹಾಗೇ ಇವೆ.

ಬಸ್ಸು ಹೊರಟಾಗ ನೀನು ಕಿಟಕಿಯ ಒಳಗಿಂದ ನನ್ನ ಕಡೆ ಬಗ್ಗಿ ಏನೋ ಹೇಳಿದೆ. ಗಾಜು ಮುಚ್ಚಿತ್ತು, ಎಂಜಿನ್ನಿನ ಸದ್ದು ಬೇರೆ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸಿದವಳ ಹಾಗೆ ತಲೆಯಾಡಿಸಿಬಿಟ್ಟೆ, ಯಾಕೆಂದರೆ ನಿನ್ನ ಮುಖ ಹಾಗಿತ್ತು. ಮನೆಯ ದಾರಿಯುದ್ದಕ್ಕೂ ಇದಿರಬಹುದೇ, ಅದಿರಬಹುದೇ ಎಂದು ನಿನ್ನ ತುಟಿ ಆಡಿದ ಹಾಗೆ ನನ್ನ ತುಟಿ ಆಡಿಸಿಕೊಂಡು ನಡೆದೆ. ಎದುರಿಗೆ ಬಂದ ಔಷಧಿ ಅಂಗಡಿಯಾಕೆ “ಯಾರ ಜೊತೆ ಮಾತಾಡ್ತಿದ್ದೀರಿ?” ಅಂದಳು.

ಏನು ಹೇಳಿದೆ ಎಂದು ಕೇಳಲೆಂದೇ ಈ ಕಾಗದ ಹಿಡಿದದ್ದು. ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಬದಲಾಯಿತು.

ಬರೆಯಬೇಡ. ಬಂದು ಹೇಳು.

ಕತ್ತರಿ